ರಂಗನಾಥ ದಿವಾಕರರು ಮತ್ತು ನಮ್ಮ ನಾಡಿನ ಬಾನುಲಿ

ಕನ್ನಡ ನಾಡಿನ ಸಾರ್ವಜನಿಕ ಜೀವನವನ್ನು ಅರ್ಧ ಶತಮಾನಕ್ಕೂ ಮಿಕ್ಕಿ ತಮ್ಮ ಶೀಲದಿಂದಲೂ ಲೇಖನಿಯಿಂದಲೂ ಬೆಳಗಿದ ಹಿರಿಯರಲ್ಲಿ ಶ್ರೀ ರಂಗನಾಥ ರಾಮಚಂದ್ರ ದಿವಾಕರರು ಅಗ್ರಗಣ್ಯರು. 'ಕರ್ಮವೀರ'ದ ಸಂಸ್ಥಾಪಕರೆಂದು ಪತ್ರಿಕಾವ್ಯವಸಾಯಿಗಳು ಅವರನ್ನು ನೆನೆಯುತ್ತಾರೆ. ಅಪ್ಪಟ ಗಾಂಧೀವಾದಿಗಳೆಂದು ರಾಷ್ಟ್ರೀಯ ಚಳವಳಿಯ ಇತಿಹಾಸಕಾರರು ಗೌರವಿಸುತ್ತಾರೆ. 'ವಚನಶಾಸ್ತ್ರ ರಹಸ್ಯ'ದ ಕರ್ತೃಗಳೆಂದು ಶರಣ ಸಾಹಿತ್ಯದ ಅಭ್ಯಾಸಿಗಳೆಲ್ಲರೂ ಅವರಿಗೆ ಋಣಿಗಳು. ಆದರೆ 1948ರಿಂದ 1952ರವರೆಗೆ ಅವರು ಕೇಂದ್ರ ಸರಕಾರದಲ್ಲಿ ಸುದ್ದಿ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾಗಿದ್ದರೆಂಬ ಸಂಗತಿಯನ್ನು ಅವರ ಚರಿತ್ರೆಯನ್ನು ಬರೆಯುವವರು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವುದುಂಟು. ಬೆಳಗಾವಿ, ಖಾನಾಪುರ, ಕಿತ್ತೂರು ಪ್ರದೇಶದ ಮನೆಗಳಲ್ಲಿ ಎರಡು ಮೂರು ತಲೆಮಾರುಗಳ ಬೆಳಗು ಧಾರವಾಡ ಬಾನುಲಿ ನಿಲಯದ ದನಿಯೊಡನೆಯೇ ಹರಿದದ್ದು. ಆ ನಿಲಯ ಹುಟ್ಟಿದ್ದು ಆ ನಾಲ್ಕು ವರುಷಗಳಲ್ಲಿ. ಆದುದರಿಂದ ಅವರ ಜೀವಿತದ ಈ ಭಾಗವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತವೆನಿಸುತ್ತದೆ.

ದಿವಾಕರರು 1894ರ ಸಪ್ಟೆಂಬರ 30ರಂದು ಧಾರವಾಡದಲ್ಲಿ ಜನಿಸಿದರು. ಬೆಳಗಾವಿ, ಪುಣೆ, ಮುಂಬಯಿಗಳಲ್ಲಿ ವ್ಯಾಸಂಗ ಮಾಡಿ, ಎಂ.ಎ. ಮತ್ತು ಕಾಯದೆಯ ಪದವಿಗಳನ್ನು ಪಡೆದರು. ಕೆಲಕಾಲ ಅಧ್ಯಾಪಕ ವೃತ್ತಿಯಲ್ಲಿದ್ದರು. ವಕೀಲಿಯಲ್ಲಿ ನೆಲೆನಿಲ್ಲಬಹುದಾಗಿದ್ದ ಯೋಗ್ಯತೆಯಿದ್ದರೂ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಆ ದಾರಿಯನ್ನು ತೊರೆದು, 1921ರಲ್ಲಿ ಧಾರವಾಡದಿಂದ 'ಕರ್ಮವೀರ' ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯ ಹಿಂದೆಯೇ ಸೆರೆಮನೆಯೂ ಬಂದಿತು. ಅಂದಿನಿಂದ ಇಪ್ಪತ್ತೈದು ವರುಷಗಳ ಕಾಲ ಅವರ ಜೀವನ ಪತ್ರಿಕಾಲಯ, ಸಭಾವೇದಿಕೆ ಮತ್ತು ಕಾರಾಗೃಹಗಳ ನಡುವೆ ಸುತ್ತುತ್ತ ನಡೆಯಿತು.

ಬೆಳಗಾವಿಗೂ ಅವರಿಗೂ ಇದ್ದ ನಂಟು ವಿದ್ಯಾರ್ಥಿ ದೆಸೆಯೊಂದಿಗೇ ಮುಗಿಯಲಿಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನ ಕರ್ನಾಟಕದ ಕಾರ್ಯಕರ್ತರಿಗೆಲ್ಲ ಹೊಸ ಉಸಿರನ್ನು ತುಂಬಿತು. ಇದೇ ಊರಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ'ವು 1930ರ ದಶಕದಲ್ಲಿ ಲೋಕಶಿಕ್ಷಣ ಟ್ರಸ್ಟಿನ ಆಶ್ರಯಕ್ಕೆ ಬಂದಿತು. ದಿವಾಕರರೂ ಹನುಮಂತರಾವ್ ಮೊಹರೆಯವರೂ ಅದಕ್ಕೆ ಆಧಾರಸ್ತಂಭಗಳಾದರು. ಪತ್ರಿಕೆ ಮುಂದೆ ಹುಬ್ಬಳ್ಳಿಗೆ ಹೋದದ್ದು ಎಲ್ಲರಿಗೂ ತಿಳಿದದ್ದೇ. ಅದರ ಹೆಸರಿನಲ್ಲಿಯೇ ಒಂದು ಸಂಕಲ್ಪವಿದ್ದಿತು: ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರು ಒಂದಾಗಬೇಕು. ಚಂದಾ ಹಣದಿಂದ ಬದುಕಬೇಕಾದ ಪತ್ರಿಕೆಯ ಕಷ್ಟವನ್ನೂ, ಠೇವಣಿ ಕೇಳಿ ಬಾಯಿ ಕಟ್ಟುವ ಸರಕಾರದ ರೀತಿಯನ್ನೂ ದಿವಾಕರರು ಅನುಭವದಿಂದ ಅರಿತಿದ್ದರು. ಮುಂದೆ ಅವರು ಸಚಿವರಾದಾಗ ಕೈಗೆ ಬಂದ ಬಾನುಲಿಯ ಸಮಸ್ಯೆಯೂ ಮೂಲತಃ ಇವೆರಡೇ ಆಗಿದ್ದಿತು: ಹಣ ಯಾರದು, ಮಾತು ಯಾರದು?

ಈ ನಡುವೆ ಅವರ ಅಂತರಂಗದ ಒಲವು ಅಧ್ಯಾತ್ಮದ ಕಡೆಗೆ ಸಾಗಿದ್ದಿತು. ಉಪನಿಷತ್ತುಗಳನ್ನೂ ಹರಿದಾಸರನ್ನೂ ಅರವಿಂದರನ್ನೂ ಅಭ್ಯಾಸ ಮಾಡಿದ ಅವರು ವಚನಗಳ ಕಡೆಗೂ ಅಷ್ಟೇ ಶ್ರದ್ಧೆಯಿಂದ ತಿರುಗಿದರು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಇದೇ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಿದ್ದ ಮೇಲೆ ವಚನಗಳು ಮಠ ಮನೆಗಳ ಓಲೆಯ ಕಟ್ಟುಗಳಿಂದ ಎಲ್ಲರ ಕೈಗೆ ಬಂದಿದ್ದವು. ಹುಟ್ಟಿನಿಂದ ಲಿಂಗಾಯತರಲ್ಲದಿದ್ದರೂ ದಿವಾಕರರು ಶರಣರ ಸಾಧನೆಯನ್ನು ಒಳಗಿನಿಂದ ತಿಳಿಯಲು ಯತ್ನಿಸಿ 'ವಚನಶಾಸ್ತ್ರ ರಹಸ್ಯ'ವನ್ನು ರಚಿಸಿದರು. 1938ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಲನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿತು.

1942ರ ಚಳವಳಿಯಲ್ಲಿ ದಿವಾಕರರು ಭೂಗತರಾದರು; 1944ರವರೆಗೆ ಸರಕಾರದ ಕೈಗೆ ಸಿಗಲಿಲ್ಲ. ಆ ದಿನಗಳಲ್ಲಿಯೇ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಆಗಸ್ಟಿನಲ್ಲಿ ಆರಂಭವಾದ ಆ ಪ್ರಸಾರವನ್ನು ನವೆಂಬರಿನಲ್ಲಿ ಪೊಲೀಸರು ಹಿಡಿದು ಮುಚ್ಚಿಸಿದರು. ಪರವಾನಿಗೆಯಿಲ್ಲದೆ ತಂತಿರಹಿತ ಯಂತ್ರವನ್ನು ಇಟ್ಟುಕೊಳ್ಳುವುದು 1933ರ ಕಾಯದೆಯ ಮೇರೆಗೆ ಅಪರಾಧ. ಕೇವಲ ಆರು ವರುಷಗಳ ತರುವಾಯ ಭೂಗತ ಚಳವಳಿಯ ಈ ನಾಯಕರೇ ದೇಶದ ಪ್ರಸಾರದ ಹೊಣೆ ಹೊತ್ತ ಖಾತೆಗೆ ಬಂದು ಕುಳಿತರು. ಕಾಯದೆ ಮಾತ್ರ ಅದೇ ಇದ್ದಿತು. ಇತಿಹಾಸದ ಇಂಥ ವಿನೋದಗಳು ಅಪರೂಪ.

ಈ ಪರವಾನಿಗೆಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಇಂದಿನ ತರುಣರಿಗೆ ರೇಡಿಯೋ ಕೇಳಲು ಸರಕಾರಕ್ಕೆ ಶುಲ್ಕ ತೆರಬೇಕಾಗಿದ್ದಿತೆಂಬುದೇ ನಂಬಲಾರದ ಮಾತು. 1927ರಲ್ಲಿ ಹದಿನೈದು ಲಕ್ಷ ರೂಪಾಯಿಗಳ ಬಂಡವಾಳದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬಯಿಯಲ್ಲಿ ಜುಲೈ 23ರಂದು, ಮರುತಿಂಗಳು ಕಲಕತ್ತೆಯಲ್ಲಿ ನಿಲಯಗಳನ್ನು ತೆರೆಯಿತು. ಪ್ರತಿಯೊಂದು ಕೇಳುಪೆಟ್ಟಿಗೆಗೆ ವರುಷಕ್ಕೆ ಹತ್ತು ರೂಪಾಯಿ ಶುಲ್ಕ. ಅಂಚೆ ಇಲಾಖೆ ಅದನ್ನು ವಸೂಲು ಮಾಡಿ, ಹತ್ತರಲ್ಲಿ ಎಂಟನ್ನು ಕಂಪನಿಗೆ ಕೊಡಬೇಕೆಂದು ಏರ್ಪಾಡಾಗಿದ್ದಿತು. ಆ ವರುಷದ ಅಂತ್ಯಕ್ಕೆ ಇಡೀ ದೇಶದಲ್ಲಿ ಮೂರೂವರೆ ಸಾವಿರದಷ್ಟು ಪರವಾನಿಗೆಗಳು. ಎರಡು ವರುಷಗಳ ಮೇಲೂ ಎಂಟು ಸಾವಿರ ಮುಟ್ಟಲಿಲ್ಲ. ಕದ್ದು ಕೇಳುವವರು ಎಷ್ಟಿದ್ದರೋ ದೇವರೇ ಬಲ್ಲ. ಇಷ್ಟು ಜನರ ಶುಲ್ಕದಿಂದ ಎರಡು ನಿಲಯಗಳು ನಡೆಯುವುದು ಸಾಧ್ಯವಿರಲಿಲ್ಲ. 1930ರ ಮಾರ್ಚಿನಲ್ಲಿ ಕಂಪನಿ ದಿವಾಳಿಯೆದ್ದಿತು. ಎಪ್ರಿಲಿನಲ್ಲಿ ಸರಕಾರ ಅದನ್ನು ವಹಿಸಿಕೊಂಡು, ಖರ್ಚು ಕಂಡು ಬೆದರಿ 1931ರಲ್ಲಿ ಮುಚ್ಚಲು ಹೊರಟು, ಜನರ ಒತ್ತಾಯಕ್ಕೆ ಮಣಿದು ಮರುವರುಷ ಶಾಶ್ವತವಾಗಿ ನಡೆಸಲು ನಿಶ್ಚಯಿಸಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಹೀಗೆ ನಮ್ಮ ದೇಶದಲ್ಲಿ ಪ್ರಸಾರವು ಸರಕಾರದ ಇಲಾಖೆಯಾದುದು ಯಾವುದೇ ತತ್ತ್ವದಿಂದಲ್ಲ, ಕೇಳುವವರ ಸಂಖ್ಯೆ ಸಾಲದೇ ಹೋದುದರಿಂದ.

ಕನ್ನಡದ ಮಟ್ಟಿಗೆ ಪ್ರಯತ್ನ ಬೇರೊಂದು ದಾರಿಯಲ್ಲಿ ನಡೆದಿದ್ದಿತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಮನೆಯಿಂದ. ಆದರೆ ಆ ಸಣ್ಣ ಯಂತ್ರದ ದನಿ ಮಲಪ್ರಭೆಯ ದಂಡೆಯವರೆಗೆ ಬರುವಂಥದಲ್ಲ. ಬೆಳಗಾವಿಯಲ್ಲಿ ಪರವಾನಿಗೆ ಪಡೆದ ಕನ್ನಡಿಗನೊಬ್ಬ ಹತ್ತು ರೂಪಾಯಿ ತೆತ್ತು ಮುಂಬಯಿ ಕೇಂದ್ರವನ್ನು ಕೇಳಿಕೊಂಡಿರಬೇಕಾಗಿದ್ದಿತು.

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದಿಲ್ಲಿ, ಮುಂಬಯಿ, ಕಲಕತ್ತಾ, ಮದ್ರಾಸು, ತಿರುಚಿರಾಪಳ್ಳಿ, ಲಖನೌ. ದೇಶದ ವಿಸ್ತೀರ್ಣದಲ್ಲಿ ಶೇಕಡಾ ಎರಡೂವರೆ, ಜನಸಂಖ್ಯೆಯಲ್ಲಿ ಶೇಕಡಾ ಹನ್ನೊಂದು ಮಾತ್ರ ಇವುಗಳ ವ್ಯಾಪ್ತಿಯಲ್ಲಿದ್ದವು. ಆರರಲ್ಲಿ ಒಂದೂ ಕನ್ನಡ ನೆಲದಲ್ಲಿರಲಿಲ್ಲ. ಈ ಖಾತೆಯನ್ನೂ ಹೊತ್ತಿದ್ದ ಸರದಾರ ಪಟೇಲರ ಕಾಲದಲ್ಲಿ ಒಂದೊಂದು ಭಾಷಾ ಪ್ರದೇಶಕ್ಕೂ ಸಣ್ಣದೋ ದೊಡ್ಡದೋ ಒಂದು ನಿಲಯವಿರಬೇಕೆಂಬ ಯೋಜನೆ ಕಾರ್ಯಗತವಾಗತೊಡಗಿತು. ಸಂವಿಧಾನ ಸಭೆಯ ಸದಸ್ಯರಾಗಿದ್ದ ದಿವಾಕರರು 1948ರಲ್ಲಿ ರಾಜ್ಯ ಸಚಿವರಾಗಿ ಪಟೇಲರ ಭಾರವನ್ನು ಹಂಚಿಕೊಂಡು, ಮುಂದೆ ಖಾತೆಯ ಹೊಣೆಯನ್ನು ತಾವೇ ನಿರ್ವಹಿಸಿದರು. 1949ರಲ್ಲಿ ಅಲಹಾಬಾದು ಮತ್ತು ಅಹಮದಾಬಾದು, 1950ರ ಜನವರಿ 8ರಂದು ಧಾರವಾಡ, ಅದೇ ವರುಷ ಮೇ ತಿಂಗಳಲ್ಲಿ ಕಲ್ಲಿಕೋಟೆ ನಿಲಯಗಳು ಕಾರ್ಯಾರಂಭ ಮಾಡಿದವು. ಸಂಸ್ಥಾನಗಳ ನಿಲಯಗಳನ್ನು ಕೇಂದ್ರಕ್ಕೆ ಸೇರಿಸಿಕೊಂಡು, 1950ರ ಎಪ್ರಿಲ್ 1ರಿಂದ ಮೈಸೂರು, ಹೈದರಾಬಾದು, ಔರಂಗಾಬಾದು, ತಿರುವನಂತಪುರಗಳೂ ಒಂದೇ ಜಾಲಕ್ಕೆ ಬಂದವು.

ಧಾರವಾಡದವರು ಸಚಿವರಾಗಿದ್ದಾಗ ಧಾರವಾಡಕ್ಕೆ ನಿಲಯ ಬಂದಿತೆಂದು ಯಾರಾದರೂ ನಕ್ಕರೆ ನಗಲಿ. ತೆಲುಗಿಗೆ ವಿಜಯವಾಡ, ಒರಿಯಾಕ್ಕೆ ಕಟಕ, ಗುಜರಾತಿಗೆ ಅಹಮದಾಬಾದು ದೊರೆತ ಮೇಲೆ ಕನ್ನಡಕ್ಕೊಂದು ನಿಲಯ ಯಾರು ಸಚಿವರಾಗಿದ್ದರೂ ಸಲ್ಲಬೇಕಾದುದೇ. ಇಲ್ಲಿ ನಾವು ಗಮನಿಸಬೇಕಾದುದು ಆ ದಿನಾಂಕವನ್ನು. ಗಣರಾಜ್ಯ ಘೋಷಣೆಗೆ ಇನ್ನೂ ಹದಿನೆಂಟು ದಿನಗಳಿದ್ದವು. ಕರ್ನಾಟಕದ ಏಕೀಕರಣಕ್ಕೆ ಆರು ವರುಷಗಳಿಗೂ ಹೆಚ್ಚು. ಬೆಳಗಾವಿಯೂ ಖಾನಾಪುರವೂ ಆಗ ಮುಂಬಯಿ ರಾಜ್ಯದಲ್ಲಿದ್ದವು. ಕಚೇರಿಯ ಕಾಗದ ಮುಂಬಯಿಗೆ ಹೋಗಿ ಬರಬೇಕಾಗಿದ್ದಿತು. ಅಂಥ ಕಾಲದಲ್ಲಿ ಒಂದೇ ಸಂಜೆ ಒಂದೇ ಕನ್ನಡ ದನಿ ಮುಂಬಯಿ ರಾಜ್ಯದ ಬೆಳಗಾವಿ ವಿಜಾಪುರಗಳಿಗೂ, ಗಡಿಯಾಚೆ ಹೈದರಾಬಾದು ರಾಜ್ಯದ ಕನ್ನಡ ಊರುಗಳಿಗೂ ಸಮನಾಗಿ ತೆರೆದಿದ್ದಿತು. ತರಂಗಗಳಿಗೆ ಗಡಿಯಿಲ್ಲ, ಏಕೀಕರಣವಾದಿಗಳ ಮೂವತ್ತು ವರುಷಗಳ ನಿರ್ಣಯಗಳು ಕಾಗದದಲ್ಲಿ ಹೇಳಿದ್ದನ್ನು ಬಾನುಲಿ ಪ್ರತಿ ಸಂಜೆ ಮಾಡಿ ತೋರಿಸಿತು. ಖಾನಾಪುರ ತಾಲೂಕಿನಲ್ಲಿ ಕನ್ನಡದೊಡನೆ ಮರಾಠಿಯೂ ಮನೆಮಾತು. ಮರಾಠಿಗರಿಗೆ ಮುಂಬಯಿ ನಿಲಯವಿದ್ದಿತು, 1953ರಲ್ಲಿ ಪುಣೆಯದೂ ಬಂದಿತು. ಯಾರ ಕಿವಿಯನ್ನೂ ಕಿತ್ತುಕೊಳ್ಳದೆ ಕನ್ನಡದ ಕೊರತೆಯನ್ನು ತುಂಬಿದ್ದು ಈ ವ್ಯವಸ್ಥೆಯ ದೊಡ್ಡ ಗುಣ.

ಆದರೆ ಕೇಳುವವರು ಯಾರು? ಯುದ್ಧಾನಂತರ ಶುಲ್ಕ ಹತ್ತರಿಂದ ಹದಿನೈದು ರೂಪಾಯಿಗಳಿಗೆ ಏರಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲೆಲ್ಲ ಇದ್ದ ಪರವಾನಿಗೆಗಳು ಎರಡೂವರೆಯಿಂದ ಮೂರು ಲಕ್ಷದೊಳಗೆ. ಬೆಳಗಾವಿಯಂಥ ಪಟ್ಟಣದಲ್ಲಿ ವಕೀಲರು, ವೈದ್ಯರು, ವರ್ತಕರು, ಕೆಲವು ಚಹದ ಅಂಗಡಿಯವರು ಪೆಟ್ಟಿಗೆ ಕೊಳ್ಳಬಲ್ಲವರು. ಖಾನಾಪುರದ ಕಾಡುಗಳಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಹಲಸಿ ನಂದಗಡಗಳ ಸುತ್ತಿನ ಹಳ್ಳಿಗಳಲ್ಲಿ ವಿದ್ಯುತ್ತಿನ ಮಾತೇ ಇರಲಿಲ್ಲ. ಕವಾಟದ ರೇಡಿಯೋ ನಡೆಯಬೇಕಾದರೆ ಭಾರವಾದ ಬ್ಯಾಟರಿ ಬೇಕು. ಅದು ಇಳಿದಾಗ ಪಟ್ಟಣದಿಂದ ಹೊಸದನ್ನು ತರಬೇಕು. ಮೇಲೆ ಸರಕಾರದ ಶುಲ್ಕ. ಮಧ್ಯಮ ತರಂಗವು ಹಗಲಿನಲ್ಲಿ ನೆಲವನ್ನು ಅಂಟಿಕೊಂಡು ಹರಿಯುವಂಥದು, ಗುಡ್ಡ ಕಾಡುಗಳಲ್ಲಿ ಬೇಗ ಸೊರಗುವಂಥದು. ಹೀಗೆ ಯಾರಿಗೆ ಬಾನುಲಿ ಹೆಚ್ಚು ಅವಶ್ಯವಾಗಿದ್ದಿತೋ ಅವರಿಗೇ ಅದು ದೂರವಾಗಿದ್ದಿತು.

ಇಲ್ಲಿ ಶುಲ್ಕದ ಲೆಕ್ಕವೊಂದಿದೆ. ಪರವಾನಿಗೆಯ ಹಣ ನಿಲಯದ ಪೆಟ್ಟಿಗೆಗೆ ನೇರವಾಗಿ ಬೀಳುತ್ತಿರಲಿಲ್ಲ. ಅಂಚೆ ಕಚೇರಿಯಲ್ಲಿ ಕಟ್ಟಿ, ಪುಸ್ತಕದಲ್ಲಿ ಮುದ್ರೆ ಒತ್ತಿಸಿಕೊಂಡ ಹಣ ಸರಕಾರದ ಬೊಕ್ಕಸಕ್ಕೆ; ಅಲ್ಲಿಂದ ಸಂಸತ್ತು ಪ್ರತಿವರುಷ ಮಂಜೂರು ಮಾಡಿದಷ್ಟು ಆಕಾಶವಾಣಿಗೆ. ಪಟ್ಟಣದ ವಕೀಲ ತೆತ್ತ ಹದಿನೈದು ರೂಪಾಯಿ ಅವನಿಗಾಗಿಯೇ ಖರ್ಚಾಗಬೇಕೆಂಬ ನಿಯಮವಿರಲಿಲ್ಲ. ಆದುದರಿಂದಲೇ ಒಂದೂ ಪರವಾನಿಗೆಯಿಲ್ಲದ ಹಳ್ಳಿಗೆ ರೈತರ ಕಾರ್ಯಕ್ರಮವನ್ನು ಪ್ರಸಾರ ಮಾಡಲು, ಪಂಚಾಯತಿಯ ಕಟ್ಟೆಯ ಮೇಲೆ ಸಮುದಾಯದ ಕೇಳುಪೆಟ್ಟಿಗೆಯನ್ನಿಡುವ ರಾಜ್ಯ ಸರಕಾರಗಳ ಯೋಜನೆಗೆ ಅರ್ಥ ಬರಲು ಸಾಧ್ಯವಾಯಿತು. ಮಠಗಳ ಪ್ರಸಾದ ನಿಲಯಗಳ ಬಗೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಿಂದ ಜೋಳದ ಚೀಲ ಕಳಿಸಿದ ದಾನಿಯ ಮಗ ಅಲ್ಲಿ ಉಣ್ಣದಿರಬಹುದು. ಉಣ್ಣುವ ಮಗುವಿನ ತಂದೆ ಏನನ್ನೂ ಕೊಡದಿರಬಹುದು. ದಾಸೋಹದಲ್ಲಿ ಕೊಟ್ಟವನ ಹೆಸರು ಎಲೆಯ ಮೇಲೆ ಬರೆದಿರುವುದಿಲ್ಲ. ವಚನಗಳನ್ನು ಅಷ್ಟು ಆಳವಾಗಿ ಓದಿದ ಸಚಿವರಿಗೆ ಈ ಹೋಲಿಕೆ ಹೊಳೆದಿದ್ದರೆ ಆಶ್ಚರ್ಯವಿಲ್ಲ.

ಆದರೆ ಹೋಲಿಕೆ ಒಂದೆಡೆ ಮುರಿಯುತ್ತದೆ. ದಾಸೋಹಕ್ಕೆ ಕೊಡುವವನು ಮನಸ್ಸಿನಿಂದ ಕೊಡುತ್ತಾನೆ. ಶುಲ್ಕವನ್ನು ಕಾಯದೆಯಿಂದ ಕೊಡಿಸಿಕೊಳ್ಳಲಾಗುತ್ತಿದ್ದಿತು. ಕೊಟ್ಟ ಮೇಲೆ ಏನು ಕೇಳಬೇಕೆಂಬುದನ್ನು ನಿರ್ಧರಿಸುವವರು ಯಾರು? ಇಂಗ್ಲೆಂಡಿನಲ್ಲಿ ಶುಲ್ಕದ ಬಲದ ಮೇಲೆಯೇ ಬಿ.ಬಿ.ಸಿ.ಯು ಸರಕಾರದಿಂದ ದೂರ ನಿಂತಿದ್ದಿತು. ನಮ್ಮಲ್ಲಿಯೂ ಅಂಥ ಅರೆಸ್ವಾಯತ್ತ ಸಂಸ್ಥೆಯೇ ಗುರಿಯಾಗಬೇಕು, ಆದರೆ ತಕ್ಷಣಕ್ಕೆ ಅದು ಶಕ್ಯವಲ್ಲವೆಂಬ ಆಶಯವನ್ನು ಪ್ರಧಾನಿ ನೆಹರೂ ಅವರು 1948ರ ಮಾರ್ಚಿನಲ್ಲಿಯೇ ಸಂವಿಧಾನ ಸಭೆಯಲ್ಲಿ ವ್ಯಕ್ತಪಡಿಸಿದ್ದರು. ದಿವಾಕರರು ಖಾತೆಯಲ್ಲಿದ್ದ ನಾಲ್ಕು ವರುಷಗಳಲ್ಲಿ ಆ ದಿಕ್ಕಿನಲ್ಲಿ ಹೆಜ್ಜೆ ಬೀಳಲಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪ್ರಸಾರವು ಅಂಚೆ, ತಂತಿ, ದೂರವಾಣಿಗಳೊಡನೆ ಕೇಂದ್ರದ ಪಟ್ಟಿಯ 31ನೆಯ ಬಾಬಾಗಿ ಸೇರಿಕೊಂಡಿತು. ಪತ್ರಿಕೆಯ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು ಬಾನುಲಿಯ ಸ್ವಾತಂತ್ರ್ಯಕ್ಕೆ ಅಷ್ಟೇ ಆತುರ ತೋರಲಿಲ್ಲವೇಕೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ದೇಶ ವಿಭಜನೆಯ ಗಾಯ ಆರಿರಲಿಲ್ಲ, ಸಂಸ್ಥಾನಗಳ ವಿಲೀನ ಮುಗಿದಿರಲಿಲ್ಲ, ಮೂರು ಲಕ್ಷ ಪರವಾನಿಗೆಗಳ ಹಣದಿಂದ ದೇಶವ್ಯಾಪಿ ಸ್ವತಂತ್ರ ಸಂಸ್ಥೆಯೊಂದು ಬದುಕುವಂತಿರಲಿಲ್ಲ. 1930ರ ಕಂಪನಿಯ ಗತಿ ಎಲ್ಲರಿಗೂ ನೆನಪಿದ್ದಿತು. ಇವು ಕಾರಣಗಳು ಅಹುದು. ಆದರೂ ಕಾಂಗ್ರೆಸ್ಸಿನವರು ತಮ್ಮ ಕೈಯಲ್ಲಿರುವ ಅಧಿಕಾರ ಸದಾ ಸಾತ್ತ್ವಿಕರ ಕೈಯಲ್ಲಿಯೇ ಇರುವುದೆಂದು ನಂಬಿಬಿಟ್ಟರೆಂದೂ, ದಿವಾಕರರ ಸೌಜನ್ಯವೇ ಇಲ್ಲಿ ಅವರಿಗೆ ಮರೆಯಾಯಿತೆಂದೂ ನಮಗೆ ತೋರುತ್ತದೆ. ಸರಕಾರದ ಅನುದಾನದಿಂದ ಶಾಲೆ ನಡೆಸುವವರು ಈ ಇಕ್ಕಟ್ಟನ್ನು ಬೇಗ ಗುರುತಿಸಬಲ್ಲರು. ಅನುದಾನವಿಲ್ಲದೆ ನಡೆಯದು, ಅನುದಾನದ ಹಿಂದೆ ತಪಾಸಣೆ ಬಾರದೆ ಇರದು.

ಇಲಾಖೆಯ ಆಜ್ಞೆ ಕಲೆಯ ಮೇಲೆ ಹೇಗೆ ಬೀಳುತ್ತಿದ್ದಿತೆಂಬುದಕ್ಕೆ ಬೆಳಗಾವಿಯವರಿಗೆ ಒಂದು ನಿದರ್ಶನ ಸಾಕು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ವಾದ್ಯವನ್ನು ತನ್ನ ಪ್ರಸಾರದಿಂದ ಹೊರಹಾಕಿತು. ಭಾರತೀಯ ಸಂಗೀತದ ಶ್ರುತಿ ಸೂಕ್ಷ್ಮಗಳಿಗೆ ಅದು ಒಗ್ಗದೆಂಬ ವಾದ. ವಿಠ್ಠಲರಾವ ಕೋರಗಾಂವಕರ, ರಾಮಭಾವು ವಿಜಾಪುರೆ ಅವರಂಥ ಹಾರ್ಮೋನಿಯಂ ವಿದ್ವಾಂಸರಿದ್ದ ಊರು ನಮ್ಮದು. ಪರಕೀಯ ಸರಕಾರದ ಕಾಲದ ಆ ನಿಷೇಧ ದಿವಾಕರರ ಅವಧಿಯಲ್ಲಿಯೂ ಮುಂದುವರಿಯಿತು, ಅವರ ತರುವಾಯ ಬಂದ ಬಾಳಕೃಷ್ಣ ಕೇಸಕರರ ದೀರ್ಘ ಅವಧಿಯಲ್ಲಿಯೂ ಉಳಿಯಿತು. 1970ರ ದಶಕದ ಆರಂಭದಲ್ಲಷ್ಟೇ ಸಡಿಲಾಯಿತು.

1952ರ ಮಹಾಚುನಾವಣೆಯ ತರುವಾಯ ದಿವಾಕರರು ಬಿಹಾರದ ರಾಜ್ಯಪಾಲರಾಗಿ ಹೋಗಿ, 1957ರವರೆಗೆ ಅಲ್ಲಿದ್ದರು. ಆ ಪ್ರಾಂತದ ಬೃಹದಿತಿಹಾಸದ ಸಂಪಾದನೆಯನ್ನು ಕೈಕೊಂಡಂತೆ ಮುಂದೆ ಕರ್ನಾಟಕದ್ದನ್ನೂ ಮಾಡಿಸಿದರು. ಗಾಂಧೀ ಸ್ಮಾರಕ ನಿಧಿ, ಗಾಂಧೀ ಶಾಂತಿ ಪ್ರತಿಷ್ಠಾನಗಳ ಅಧ್ಯಕ್ಷತೆ, 1962ರಿಂದ 1968ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯತ್ವ, ಇವೆಲ್ಲ ಬಂದವು. ಅವರು ಸಚಿವರಾಗಿದ್ದಾಗ ಹುಟ್ಟಿದ ಧಾರವಾಡ ನಿಲಯ ಇತ್ತ ತನ್ನ ಬೆಳೆಯನ್ನು ಬೆಳೆಯಿತು. 1956ರಲ್ಲಿ ದ. ರಾ. ಬೇಂದ್ರೆಯವರು ಅದರ ಸಲಹೆಗಾರರಾದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿ ಸೇವೆ ಸಲ್ಲಿಸಿದರು. ಓಲೆಯಿಂದ ಅಚ್ಚಿಗೆ ಬಂದಿದ್ದ ವಚನಗಳು ಮನಸೂರರ ಕಂಠದಿಂದ ಅಕ್ಷರ ಬಾರದವರ ಮನೆಗೂ ಹೋದವು.

1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದಿತು. ಖಾನಾಪುರದ ದನಗಾಹಿಯ ಹೆಗಲಿಗೂ ಪುಟ್ಟ ಪೆಟ್ಟಿಗೆ ತೂಗತೊಡಗಿತು. 1970ರ ಹೊತ್ತಿಗೆ ದೇಶದ ಪರವಾನಿಗೆಗಳು ಒಂದು ಕೋಟಿ ದಾಟಿದವು. ಆದರೆ ಹದಿನೈದು ರೂಪಾಯಿಗಾಗಿ ಹಳ್ಳಿ ಹಳ್ಳಿಯ ಪೆಟ್ಟಿಗೆಗಳನ್ನು ಹುಡುಕಿಕೊಂಡು ತಿರುಗುವುದು ಅಂಚೆ ಇಲಾಖೆಗೆ ಹೊರೆಯಾಯಿತು. 1980ರಲ್ಲಿ ಒಂದು ಮತ್ತು ಎರಡು ಬ್ಯಾಂಡಿನ ರೇಡಿಯೋಗಳಿಗೆ ಶುಲ್ಕ ತೆಗೆದುಹಾಕಲಾಯಿತು. ಆ ದಶಕದ ಮಧ್ಯದ ಹೊತ್ತಿಗೆ ಉಳಿದುದೂ ಹೋಯಿತು. ಅಂಚೆ ಕಚೇರಿಗಳಲ್ಲಿ ಮುದ್ರೆ ಒತ್ತಿಸಿಕೊಂಡ ಆ ಸಣ್ಣ ಪುಸ್ತಕಗಳು ಹಳೆಯ ಪೆಟ್ಟಿಗೆಗಳ ತಳ ಸೇರಿದವು. ಶುಲ್ಕ ಹೋದರೂ ಒಡೆತನದ ಪ್ರಶ್ನೆ ಹೋಗಲಿಲ್ಲ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಸರಕಾರದ ಬಾಯಿಯಾಗಿ ನಡೆದುದನ್ನು ಕಂಡ ಮೇಲೆ, ಬಿ. ಜಿ. ವರ್ಗೀಸರ ಸಮಿತಿ 1978ರಲ್ಲಿ ಸ್ವಾಯತ್ತ ನ್ಯಾಸವೊಂದನ್ನು ಸೂಚಿಸಿತು. ಎಂಬತ್ತು ದಾಟಿದ್ದ ದಿವಾಕರರು ಇದನ್ನೆಲ್ಲ ಕಾಣಲು ಬದುಕಿದ್ದರು.

1990ರ ಜನವರಿ 15ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು. ಅವರು ಸಚಿವರಾಗಿದ್ದಾಗ ಮುಂದಕ್ಕೆ ಹಾಕಲ್ಪಟ್ಟಿದ್ದ ಕೆಲಸ ಅದೇ ವರುಷ ಪ್ರಸಾರ ಭಾರತಿ ಕಾಯದೆಯಾಗಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದು ಜಾರಿಗೆ ಬಂದುದು 1997ರಲ್ಲಿ. ಹಣಕ್ಕಾಗಿ ಆ ಸಂಸ್ಥೆ ಆಮೇಲೂ ಸರಕಾರದ ಅನುದಾನವನ್ನೇ ಮುಖ್ಯವಾಗಿ ಅವಲಂಬಿಸಿತು. ಕೇಳುಗರ ಶುಲ್ಕ ಮತ್ತೆ ಬರಲಿಲ್ಲ.